ಗುಳಿಗಿ ನುಂಗಿದ್ರೂ ನಿಲ್ಲದ ಫಿಟ್ಸು, ಐದು ನಿಮಿಷದ ಲೆಕ್ಕ



ಪೋಸ್ಟ್ ಉದ್ದ ಐತಿ, ಆದ್ರೂ ಪೂರ್ತಿ ಓದ್ರಿ. ನಮ್ಮ ಸಭೆಗಳಲ್ಲಿ ಭೂಮಿ, ಸ್ಮಶಾನ, ಹಾಸ್ಟೆಲ್, ಒಳಮೀಸಲಾತಿ ಎಲ್ಲ ಚರ್ಚೆ ಆಗ್ತಾವ. ಫಿಟ್ಸ್ ಬಗ್ಗೆ, ಅಂದ್ರ ಮೂರ್ಛೆರೋಗದ ಬಗ್ಗೆ ಯಾರೂ ಮಾತೆತ್ತಿದ್ದು ನಾನು ಕೇಳಿಲ್ಲ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳಲ್ಲಿ ನಾನು ಓಡಾಡಿದ ಕೇರಿಗಳಲ್ಲಿ ದನಿ ತಗ್ಗಿಸಿ ಕೇಳಿದರೆ ಒಂದಾದರೂ ಮನಿ ತೋರಿಸ್ತಾರ. "ಆ ಮನ್ಯಾಗ ಒಬ್ಬ ಹುಡುಗಗ ಬರ್ತಾವ್ರಿ." ಏನು ಬರ್ತಾವ ಅಂತ ಹೆಸರು ಹೇಳೋದಿಲ್ಲ. ಹೆಸರು ಹೇಳಿದರೆ ತಮಗೂ ಬಂದೀತು ಅನ್ನೋ ಅಂಜಿಕೆ.

ಇವತ್ತು ನಾನು ಹೇಳಬೇಕಾಗಿರೋದು ಒಂದೇ ಮಾತು. ಗುಳಿಗಿಗೆ ಬಗ್ಗದ ಫಿಟ್ಸ್ ಬೇರೆ, ಗುಳಿಗಿ ಸಿಗದ ಫಿಟ್ಸ್ ಬೇರೆ. ವ್ಯವಸ್ಥೆ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಆ ಚೀಲವನ್ನು ರೋಗಿಯ ತಲೆ ಮೇಲೆ ಹೊರಿಸ್ತದ. "ಸರಿಯಾಗಿ ಗುಳಿಗಿ ತಗೊಂಡಿಲ್ಲ" ಅಂತ ಡಾಕ್ಟರು, "ಹಿಂದಿನ ಜನ್ಮದ ಕರ್ಮ" ಅಂತ ಊರು. ಎರಡೂ ಸುಳ್ಳು, ಎರಡೂ ನಮ್ಮವರನ್ನು ಕೊಲ್ತಾವ.

ಮೊದಲು ವೈದ್ಯಕೀಯ ಸತ್ಯ ತಿಳ್ಕೊಳ್ಳೋಣ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹತ್ತಿರ ಹತ್ತಿರ ನೂರಕ್ಕೆ 80 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸರಿಯಾದ ಔಷಧಿ ಸಿಕ್ಕರೆ ನೂರಕ್ಕೆ 70ರಷ್ಟು ಮಂದಿ ಫಿಟ್ಸ್ ಇಲ್ಲದೇ ಬದುಕಬಹುದು. ಉಳಿದ 30 ಮಂದಿ? ಅವರಿಗೆ ಗುಳಿಗಿ ನುಂಗಿದರೂ ಬರ್ತಾವ. 2000ನೇ ಇಸವಿಯಲ್ಲಿ ಸ್ಕಾಟ್ಲೆಂಡಿನ ಕ್ವಾನ್ ಮತ್ತು ಬ್ರಾಡಿ ಎಂಬ ವೈದ್ಯರು 525 ರೋಗಿಗಳ ಲೆಕ್ಕ ಪ್ರಕಟಿಸಿದರು. ನೂರಕ್ಕೆ 63 ಮಂದಿಗೆ ಫಿಟ್ಸ್ ನಿಂತಿತ್ತು. ಮೊದಲ ಔಷಧಿಗೇ ನಿಂತವರು ಅರ್ಧದ ಹತ್ತಿರ. ಎರಡನೆಯದಕ್ಕೆ ನಿಂತವರು ಬಹಳ ಕಡಿಮೆ. ಆಮೇಲೆ ಎಷ್ಟು ಔಷಧಿ ಬದಲಿಸಿದರೂ ನಿಂತವರು ಬೆರಳೆಣಿಕೆ. ಇದರ ನಂತರ, 2010ರಲ್ಲಿ ಅಂತರರಾಷ್ಟ್ರೀಯ ಮೂರ್ಛೆರೋಗ ತಜ್ಞರ ಸಂಘ ಒಂದು ನಿಯಮ ಮಾಡಿತು: ರೋಗಕ್ಕೆ ತಕ್ಕ ಎರಡು ಔಷಧಿಗಳನ್ನು, ತಕ್ಕ ಪ್ರಮಾಣದಲ್ಲಿ, ಸರಿಯಾಗಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಆಗ ರೋಗಿಯನ್ನು ದೊಡ್ಡ ಕೇಂದ್ರಕ್ಕೆ ಕಳಿಸಬೇಕು.

ಇದನ್ನು ಎರಡು ಸಲ ಓದ್ರಿ. ಎರಡು ಔಷಧಿ ಸೋತರೆ ಮುಂದಿನ ಹೆಜ್ಜೆ ಇಡೋ ಜವಾಬ್ದಾರಿ ದವಾಖಾನಿದು. ಅಲ್ಲಿ ರೋಗಿಯ ತಪ್ಪು ಎಲ್ಲೂ ಇಲ್ಲ.

ಇನ್ನು ನಮ್ಮ ರಾಜ್ಯದ ಲೆಕ್ಕ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆ ಮನೆಗೆ ಹೋಗಿ ನಿಮ್ಹಾನ್ಸ್ ವೈದ್ಯರು ಮಾಡಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ನಗರದಲ್ಲಿ ಸಾವಿರಕ್ಕೆ ಸುಮಾರು 6 ಮಂದಿಗೆ ಮೂರ್ಛೆರೋಗ ಇದ್ದರೆ, ಹಳ್ಳಿಯಲ್ಲಿ ಸುಮಾರು 12. ದುಪ್ಪಟ್ಟು. ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 16 ಲಕ್ಷ. ಸಾವಿರಕ್ಕೆ ಬರೀ 5 ಅಂತ ಕಡಿಮೆ ಲೆಕ್ಕ ಹಿಡಿದರೂ 8,000 ಮಂದಿ ಆಗ್ತಾರ. ಅದರಲ್ಲಿ ನೂರಕ್ಕೆ 30 ಅಂದ್ರ 2,400 ಮಂದಿ, ಗುಳಿಗಿ ನುಂಗಿದರೂ ಫಿಟ್ಸ್ ಬರೋರು. ಇಷ್ಟು ಮಂದಿ ಒಂದು ದಿನ ಜಿಲ್ಲಾಧಿಕಾರಿ ಕಚೇರಿ ಮುಂದೆ ಕುಂತರೆ ಅದು ಸುದ್ದಿ ಆಗ್ತದ. ಒಬ್ಬೊಬ್ಬರೇ ಮನಿ ಮೂಲ್ಯಾಗ ಕುಂತಿದ್ದಕ್ಕ ಸುದ್ದಿ ಆಗವಲ್ದು.

ಈಗ ಐದು ನಿಮಿಷದ ಲೆಕ್ಕಕ್ಕೆ ಬರ್ತೀನಿ.

ಬಹಳಷ್ಟು ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತವೆ. ಕೈಕಾಲು ಸೆಟೆದು ಬಡಿದುಕೊಳ್ಳುವ ಫಿಟ್ಸ್ ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತದೆ. ಒಂದರ ಹಿಂದೆ ಒಂದು ಬಂದು ನಡುವೆ ಎಚ್ಚರವೇ ಆಗದಿದ್ದರೂ ಅದೇ ಲೆಕ್ಕ. ಅರ್ಧ ಗಂಟೆ ದಾಟಿದರೆ ಮೆದುಳಿಗೆ ಕಾಯಂ ಪೆಟ್ಟು ಬೀಳುವ ಅಪಾಯ. ಪ್ರಾಣವೂ ಹೋಗಬಹುದು. ಅದಕ್ಕೇ ವೈದ್ಯರು ಐದು ನಿಮಿಷಕ್ಕೆ ಗೆರೆ ಎಳೆದಿದ್ದಾರೆ. ಆ ಗೆರೆ ದಾಟಿದ ಕೂಡಲೇ ಫಿಟ್ಸ್ ನಿಲ್ಲಿಸುವ ಔಷಧಿ ಒಳಗೆ ಹೋಗಬೇಕು.

ಈ ಐದು ನಿಮಿಷವನ್ನು ನಮ್ಮ ನಕ್ಷೆ ಮೇಲೆ ಇಟ್ಟು ನೋಡ್ರಿ. ನಾಲ್ಕು ತಾಲ್ಲೂಕುಗಳಲ್ಲಿ ಪುಣೆ-ಬೆಂಗಳೂರು ಹೆದ್ದಾರಿಗೆ ಹತ್ತಿಕೊಂಡಿರೋ ತಾಲ್ಲೂಕು ಕೇಂದ್ರ ಶಿಗ್ಗಾಂವಿ ಒಂದೇ. ಹಿರೇಕೆರೂರಿಂದ ಹುಬ್ಬಳ್ಳಿಯ ಕಿಮ್ಸ್ ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿಯ ಮಂದಿ ಶಿವಮೊಗ್ಗಕ್ಕೋ ದಾವಣಗೆರೆಗೋ ಓಡ್ತಾರ. ನರರೋಗ ತಜ್ಞರನ್ನು ಕಾಣಬೇಕಂದ್ರ ಹುಬ್ಬಳ್ಳಿ, ಧಾರವಾಡದ ಡಿಮ್ಹಾನ್ಸ್, ಇಲ್ಲಂದ್ರ ಬೆಂಗಳೂರಿನ ನಿಮ್ಹಾನ್ಸ್. ಅದರಾಗ ನಮ್ಮ ಕೇರಿ ಊರಿನ ತುದಿಗೆ. ಡಾಂಬರು ರಸ್ತೆ ಊರ ಬಾಗಿಲಿಗೇ ನಿಂತಿರ್ತದ. ರಾತ್ರಿ ಹನ್ನೆರಡಕ್ಕ ಫಿಟ್ಸ್ ಶುರುವಾದ್ರ ಐದು ನಿಮಿಷದಾಗ ಗಾಡಿ ಇರೋ ಮನಿ ಬಾಗಿಲು ಬಡಿಯೋಕೂ ಆಗೋದಿಲ್ಲ. ಬಡಿದ್ರೂ ಆ ಮನಿಯವರು ನಮ್ಮನ್ನು ಗಾಡಿ ಹತ್ತಿಸಿಕೊಳ್ತಾರೋ ಇಲ್ಲೋ ಅನ್ನೋದು ಇನ್ನೊಂದು ಪ್ರಶ್ನೆ.

ನನ್ನ ಚಿಗವ್ವನ ಮಗನಿಗೆ ಹೀಗೇ ಆಗಿತ್ತು. ಎರಡು ಥರದ ಗುಳಿಗಿ ವರ್ಷಾನುಗಟ್ಟಲೆ ತಪ್ಪದೇ ನುಂಗೋ ಹುಡುಗ. ಚಿಗವ್ವ ಕ್ಯಾಲೆಂಡರಿನ ಮೇಲೆ ದಿನಾ ಗೀಟು ಹಾಕ್ತಿದ್ದಳು. ಆದ್ರೂ ತಿಂಗಳಿಗೆ ನಾಕೈದು ಸಲ ಬರ್ತಿದ್ದವು. ಒಂದು ರಾತ್ರಿ ಬಂದದ್ದು ನಿಲ್ಲಲೇ ಇಲ್ಲ. ಟಂಟಂ ಹುಡುಕಿ, ಡೀಸೆಲ್ ಹಾಕಿಸಿ, ದವಾಖಾನಿ ಮುಟ್ಟೋ ಹೊತ್ತಿಗೆ ಮುಕ್ಕಾಲು ತಾಸು ಆಗಿತ್ತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಗುಳಿಗಿ ಬಿಟ್ಟೀರೇನು?" ಚಿಗವ್ವ ಕ್ಯಾಲೆಂಡರ್ ತಂದಿರಲಿಲ್ಲ. ತಂದಿದ್ರೂ ಯಾರು ನೋಡ್ತಿದ್ರು? ಹುಡುಗ ಬದುಕಿದ. ಆದರೆ ಆಮೇಲೆ ಅವನ ಮಾತು ತಡವರಿಸ್ತದ, ಎಡಗೈ ಮೊದಲಿನಂಗ ಏಳೋದಿಲ್ಲ. ಮುಕ್ಕಾಲು ತಾಸಿನ ಬೆಲೆ ಅದು.

ಐದು ನಿಮಿಷದ ಗೆರೆಗೆ ಔಷಧಿ ಐತಿ ಬಂಧುಗಳೇ. ಮೂಗಿನೊಳಗೆ ಸಿಂಪಡಿಸುವ ಮಿಡಜೋಲಮ್ ಸ್ಪ್ರೇ ಭಾರತದಲ್ಲಿ ಸಿಗುತ್ತದೆ. ಗುದದ್ವಾರದಿಂದ ಕೊಡುವ ಡಯಜಪಾಮ್ ಕೂಡ ಇದೆ. ಸೂಜಿ ಬೇಡ, ನರ್ಸ್ ಬೇಡ. ಕಲಿಸಿಕೊಟ್ಟರೆ ಅವ್ವ ಕೊಡಬಹುದು, ಶಾಲಿ ಮಾಸ್ತರ ಕೊಡಬಹುದು, ಆಶಾ ಕಾರ್ಯಕರ್ತೆ ಕೊಡಬಹುದು. ವೈದ್ಯರ ಚೀಟಿ ಬೇಕು. ಎಷ್ಟು, ಯಾವಾಗ ಅಂತ ಅವರೇ ಬರೆದುಕೊಡಬೇಕು. ಪಟ್ಟಣದಲ್ಲಿ ಖಾಸಗಿ ನರರೋಗ ತಜ್ಞರ ಹತ್ತಿರ ಹೋಗೋ ಮನೆಯವರ ಫ್ರಿಜ್ಜಿನ ಮೇಲೆ ಈ ಸ್ಪ್ರೇ ಇರ್ತದ. ನಮ್ಮ ಕೇರಿಯ ಅವ್ವಂದಿರಿಗೆ ಇಂಥದ್ದೊಂದು ಐತಿ ಅಂತಲೇ ಯಾರೂ ಹೇಳಿಲ್ಲ. ಇದೂ ಒಂದು ತಾರತಮ್ಯ. ಬಾವಿ ನೀರು ಮುಟ್ಟಬ್ಯಾಡ ಅಂದ್ರ ನಮಗ ಕಾಣ್ತದ. ಮಾಹಿತಿ ಮುಟ್ಟದಂಗ ಮಾಡಿದ್ರ ಕಾಣೋದಿಲ್ಲ.

ಇನ್ನು ಗುಳಿಗಿ ಸಿಗದ ಫಿಟ್ಸ್ ವಿಚಾರ. ಇದು ಖರೇ ಅಂದ್ರ ರೋಗಕ್ಕಿಂತ ಆಡಳಿತದ ಪ್ರಶ್ನೆ. ಮೂರ್ಛೆರೋಗದ ಗುಳಿಗಿ ದಿಢೀರ್ ನಿಲ್ಲಿಸಿದರೆ ಉದ್ದನೆಯ ಫಿಟ್ಸ್ ಬರಬಹುದು. ಇದು ಎಲ್ಲ ವೈದ್ಯರಿಗೂ ಗೊತ್ತು. ಹಾಗಿದ್ದ ಮೇಲೆ "ಈ ತಿಂಗಳು ಸ್ಟಾಕ್ ಇಲ್ಲ, ಹೊರಗೆ ತಗೋರಿ" ಅನ್ನೋ ಮಾತಿಗೆ ಏನರ್ಥ? ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದ ಹೆಂಗಸಿಗೆ ಹೊರಗೆ ತಗೊಳ್ಳಾಕ ರೊಕ್ಕ ಎಲ್ಲಿಂದ ಬರಬೇಕು? ಆಕೆ ಒಂದು ಗುಳಿಗಿ ಎರಡು ತುಂಡು ಮಾಡಿ ಮಗನಿಗೆ ಅರ್ಧರ್ಧ ಕೊಡ್ತಾಳ. ಆಮೇಲೆ ಫಿಟ್ಸ್ ಬಂದ್ರ ಕೇಸ್ ಪೇಪರಿನಾಗ ಬರೆಯೋದು "ರೋಗಿ ಸರಿಯಾಗಿ ಔಷಧಿ ಸೇವಿಸಿಲ್ಲ".

ನಿದ್ದಿಗೆಟ್ಟರೂ ಫಿಟ್ಸ್ ಬರ್ತಾವ. "ಚೆನ್ನಾಗಿ ನಿದ್ದೆ ಮಾಡಿಸಿ" ಅಂತ ಡಾಕ್ಟರು ಹೇಳ್ತಾರ. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ರ, ಗೌಡರ ಹೊಲಕ್ಕ ನೀರು ಹಾಯಿಸೋ ಆಳಿನ ಮಗ ಯಾವಾಗ ನಿದ್ದಿ ಮಾಡಬೇಕು? ಕಬ್ಬು ಕಡಿಯಾಕ ಗುಳೆ ಹೋದವರು ಯಾವ ದವಾಖಾನಿಯಿಂದ ತಿಂಗಳ ಗುಳಿಗಿ ತರಬೇಕು?

ಬಡವರ ಹಳ್ಳಿಯಲ್ಲಿ ಫಿಟ್ಸ್ ಹತೋಟಿಗೆ ಬರೋದಿಲ್ಲ ಅಂತ ಯಾರಾದ್ರೂ ಅಂದ್ರ ಅವರಿಗೆ ನಮ್ಮ ರಾಜ್ಯದ ಎರಡು ಉದಾಹರಣೆ ತೋರಿಸ್ರಿ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಜೊತೆಗೆ ಮೂರ್ಛೆರೋಗಕ್ಕೂ ಅಲ್ಲಿಯೇ ಔಷಧಿ ಕೊಡುವ ವ್ಯವಸ್ಥೆ ಮಾಡಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯ ಆಯಿತು. ಎರಡನೆಯದು ಯಳಂದೂರು. ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ಅಲ್ಲಿಯ ಹಳ್ಳಿಗಳಲ್ಲಿ ಫಿನೋಬಾರ್ಬಿಟಾಲ್, ಫಿನಿಟಾಯಿನ್ ಎಂಬ ಅಗ್ಗದ ಹಳೇ ಗುಳಿಗಿಗಳಿಂದಲೇ ಬಹಳ ಮಂದಿಯ ಫಿಟ್ಸ್ ಹತೋಟಿಗೆ ತಂದು ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಳ್ಳಾರಿಯಲ್ಲಿ, ಯಳಂದೂರಿನಲ್ಲಿ ಆಗಿದ್ದು ಹಾನಗಲ್ಲದಲ್ಲಿ ಯಾಕ ಆಗಬಾರದು?

ಗುಳಿಗಿಗೆ ಬಗ್ಗದವರ ಕಥಿ ಬೇರೆ. ಅವರಿಗೆ ಮುಂದಿನ ದಾರಿ ಇದೆ, ಆದರೆ ಆ ದಾರಿಗೆ ಯಾರೂ ಹಚ್ಚೋದಿಲ್ಲ. ಮೆದುಳಿನ ಒಂದೇ ಜಾಗದಿಂದ ಫಿಟ್ಸ್ ಹುಟ್ಟುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದು. 2001ರಲ್ಲಿ ಕೆನಡಾದಲ್ಲಿ 80 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ವರ್ಷದ ಕೊನೆಗೆ ನೂರಕ್ಕೆ 58 ಮಂದಿಗೆ ಎಚ್ಚರ ತಪ್ಪಿಸುವ ಫಿಟ್ಸ್ ನಿಂತಿದ್ದವು. ಬರೀ ಔಷಧಿಯ ಗುಂಪಿನಲ್ಲಿ ನೂರಕ್ಕೆ 8. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಈ ಶಸ್ತ್ರಚಿಕಿತ್ಸೆ ಮಾಡ್ತಾವ. ಆದರೆ ಎಮ್‌ಆರ್‌ಐ, ವಿಡಿಯೋ ಇಇಜಿ, ದಿನಗಟ್ಟಲೆ ಬೆಂಗಳೂರಿನಲ್ಲಿ ಉಳಿಯೋದು, ಜೊತೆಗೆ ಇಬ್ಬರ ಕೂಲಿ ಹೋಗೋದು, ಇದೆಲ್ಲ ಆದ ಮೇಲೆ ತಾನೇ ಆಪರೇಷನ್? ಚಿಕಿತ್ಸೆಗೆ ಕಾರ್ಡ್ ಇದ್ದರೂ ಲಾಡ್ಜಿಗೆ, ಊಟಕ್ಕ ಕಾರ್ಡ್ ಇಲ್ಲ. ಮಕ್ಕಳಿಗೆ ಕೀಟೋ ಆಹಾರ ಅಂತ ಇನ್ನೊಂದು ಚಿಕಿತ್ಸೆ ಐತಿ. ಅನ್ನ ರೊಟ್ಟಿ ಬಹಳ ಕಡಿಮೆ ಮಾಡಿ ಬೆಣ್ಣಿ, ತುಪ್ಪ, ಎಣ್ಣಿ, ತತ್ತಿ ಕೊಡೋದು. ರೇಷನ್ ಅಕ್ಕಿ ಮೇಲೆ ನಡೆಯೋ ಮನ್ಯಾಗ ಇದನ್ನ ಹೇಳಿದ್ರ ನಗಬೇಕೋ ಅಳಬೇಕೋ?

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು ಹೇಳಲೇಬೇಕು. ವಾಲ್ಪ್ರೊಯೇಟ್ ಒಳ್ಳೆ ಔಷಧಿ. ಆದರೆ ಗರ್ಭಿಣಿ ಇದ್ದಾಗ ತಗೊಂಡ್ರ ಹತ್ತರಲ್ಲಿ ಒಂದು ಕೂಸಿಗೆ ಹುಟ್ಟಿನಿಂದಲೇ ಊನ ಆಗುವ ಅಪಾಯ ಇದೆ. ಇದು ತಿಳಿದಾಕ್ಷಣ ಯಾರೂ ತಾವಾಗೇ ಗುಳಿಗಿ ಬಿಡಬ್ಯಾಡ್ರಿ, ಬಿಟ್ರ ತಾಯಿ ಜೀವಕ್ಕೇ ಕುತ್ತು. ಮದುವೆಗೆ ಮೊದಲೇ, ಬಸುರಾಗೋ ಮೊದಲೇ, ಡಾಕ್ಟರ ಹತ್ರ ಕೇಳ್ರಿ. ಬೇರೆ ಔಷಧಿ ಕೇಳೋದು ನಿಮ್ಮ ಹಕ್ಕು.

ಈಗ ರೋಗ ಎಲ್ಲಿಂದ ಬರ್ತದ ಅನ್ನೋ ಪ್ರಶ್ನೆ. ಹೆರಿಗೆ ಹೊತ್ತಿನಲ್ಲಿ ಕೂಸಿಗೆ ಉಸಿರು ಕಟ್ಟಿದರೆ, ತಲೆಗೆ ಪೆಟ್ಟಾದರೆ, ಮೆದುಳು ಜ್ವರ ಬಂದರೆ ಮುಂದೆ ಫಿಟ್ಸ್ ಬರಬಹುದು. ಇನ್ನೊಂದು ಕಾರಣ ಲಾಡಿಹುಳ. ಲಾಡಿಹುಳದ ಹಾವಳಿ ಇರುವ ಪ್ರದೇಶಗಳಲ್ಲಿ ಮೂರ್ಛೆರೋಗದ ನೂರಕ್ಕೆ 30ರಷ್ಟು ಪ್ರಕರಣಗಳಿಗೆ ಮೆದುಳಿನಲ್ಲಿ ಕೂತ ಈ ಹುಳದ ಮರಿಯೇ ಕಾರಣ. ಇದನ್ನು ಕೇಳಿದ ಕೂಡಲೇ ಮೇಲ್ಜಾತಿಯ ಮಂದಿ "ಹಂದಿ ತಿನ್ನೋರಿಗೆ ಬರೋ ರೋಗ" ಅಂತಾರ. ಇದು ಅರ್ಧ ಸತ್ಯವೂ ಅಲ್ಲ. ಸರಿಯಾಗಿ ಬೇಯಿಸದ ಹಂದಿ ಮಾಂಸ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಮೆದುಳಿಗೆ ಹೋಗುವುದು ಆ ಹುಳದ ತತ್ತಿ. ಹುಳ ಇರುವ ಮನುಷ್ಯನ ಮಲದಿಂದ ಬಂದ ತತ್ತಿ ನೀರಿಗೋ ತೊಳೆಯದ ಕಾಯಿಪಲ್ಲೆಗೋ ಅಡಿಗಿ ಮಾಡೋ ಕೈಗೋ ಅಂಟಿ ಯಾರ ಹೊಟ್ಟೆಗೆ ಹೋದರೂ ಮೆದುಳಿಗೆ ಹತ್ತಬಹುದು. ಜೀವನದಲ್ಲಿ ಮಾಂಸ ಮುಟ್ಟದವರ ಮೆದುಳಿನಲ್ಲೂ ಅದು ಸಿಕ್ಕಿದೆ. ಅಂದ್ರ ಇದು ಪಾಯಿಖಾನೆಯ, ಚರಂಡಿಯ, ಕುಡಿಯೋ ನೀರಿನ ಪ್ರಶ್ನೆ.

ಪಾಯಿಖಾನೆ ಅಂದಾಗ ಸವಣೂರು ನೆನಪಾಗದೇ ಇರೋದಿಲ್ಲ. 2010ರ ಜುಲೈನಲ್ಲಿ ಸವಣೂರು ಪುರಸಭೆ ಎದುರಿಗೆ ಭಂಗಿ ಸಮುದಾಯದ ನಮ್ಮ ಅಣ್ಣತಮ್ಮಂದಿರು ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಹೊತ್ತವರನ್ನು ಇದ್ದ ಜಾಗದಿಂದ ಎಬ್ಬಿಸೋಕೆ ಹೊರಟಾಗ ಅವರಿಗೆ ಉಳಿದಿದ್ದು ಅದೊಂದೇ ದಾರಿ. ಇಡೀ ರಾಜ್ಯ ಅವತ್ತು ಮೂಗು ಮುಚ್ಚಿಕೊಂಡು ನೋಡಿತು. ಊರಿನ ಹೊಲಸನ್ನು ಒಂದು ಜಾತಿಯ ಕೈಯಾಗ ಇಟ್ಟು, ಆ ಜಾತಿಗೆ ನಲ್ಲಿ, ಚರಂಡಿ, ಪಾಯಿಖಾನೆ ಕೊಡದೇ ಇದ್ರ, ಆ ಹೊಲಸಿನ ರೋಗ ಮೊದಲು ಯಾರನ್ನ ಹಿಡೀತದ? ಆಮೇಲೆ ಅದು ಎಲ್ಲರ ಮನಿ ಬಾಗಿಲಿಗೂ ಬರ್ತದ. ಹುಳದ ತತ್ತಿಗೆ ಜಾತಿ ಗೊತ್ತಿಲ್ಲ.

ಫಿಟ್ಸ್ ಬಂದಾಗ ಊರು ಮಾಡೋದನ್ನ ನೀವೆಲ್ಲ ನೋಡೀರಿ. ಕೈಯಾಗ ಕೀಲಿಕೈ ಹಿಡಿಸ್ತಾರ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡೀತಾರ. ಕೆರ ಮೂಸಿಸ್ತಾರ. ಕೆರ ಹೊಲಿದವನ ನೆರಳು ಬ್ಯಾಡ, ಅವನು ಹೊಲಿದ ಕೆರ ಮಾತ್ರ ಔಷಧಿ! ಇವುಗಳಿಂದ ಒಂದು ಫಿಟ್ಸೂ ನಿಲ್ಲೋದಿಲ್ಲ. ಎರಡು ನಿಮಿಷಕ್ಕೆ ತಾನಾಗೇ ನಿಂತದ್ದರ ಕೀರ್ತಿ ಕೀಲಿಕೈಗೆ ಹೋಗ್ತದ, ನಿಲ್ಲದಿದ್ದರೆ ಗಾಳಿ ಸೋಂಕು ಅಂತಾರ. ಆಮೇಲೆ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗ್ತಾರ, ಇಲ್ಲಾ ಊರಾಗಿನ ಯಾರೋ ಬೇವಿನ ಬರಲಿನಿಂದ ಬಾರಿಸ್ತಾರ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯೋದು, ಹಿಂಸೆ ಕೊಡೋದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಂತೆ ಅಪರಾಧ. ದೇವರಿಗೆ ಹೋಗೋರನ್ನ ನಾನು ಬೈಯೋದಿಲ್ಲ. ದವಾಖಾನಿ ಕೈಬಿಟ್ಟ ಮೇಲೆ ಮನುಷ್ಯ ಎಲ್ಲಿಗಾದ್ರೂ ಹೋಗ್ತಾನ. ಆದರೆ ಗುಳಿಗಿ ಬಿಡಿಸಿ ಬೂದಿ ಕೊಡೋನನ್ನ ಮಾತ್ರ ಬಿಡಬಾರದು.

ನಮ್ಮ ಕೇರಿಯ ಒಳಗೂ ಒಂದು ಮಾತು. ಫಿಟ್ಸ್ ಇರೋ ಹುಡುಗನಿಗೆ ಬೇರೆ ತಾಟು, ಬೇರೆ ಚರಗಿ ಇಡೋ ಮನಿ ನಮ್ಮಲ್ಲೂ ಅದಾವ. ನೊರೆ ತಾಗಿದ್ರ ಹತ್ತತೈತಿ ಅಂತ ಎತ್ತಾಕ ಹೋಗೋದಿಲ್ಲ. ಚಹಾದಂಗಡಿಯ ಎರಡು ಗ್ಲಾಸಿನ ವಿರುದ್ಧ ಹೋರಾಡಿದ ನಾವು ನಮ್ಮ ಮನಿಯಾಗಿನ ಎರಡು ತಾಟು ಹೆಂಗ ಒಪ್ಪೋದು? ಫಿಟ್ಸ್ ಅಂಟುರೋಗ ಅಲ್ಲ. ಮದುವೆ ಕಾನೂನು ಕೂಡ ಹೀಗೇ ಇತ್ತು. ಹಿಂದೂ ವಿವಾಹ ಕಾಯ್ದೆಯ 1976ರ ತಿದ್ದುಪಡಿ ಮೂರ್ಛೆರೋಗವನ್ನು ಹುಚ್ಚಿನ ಪಕ್ಕಕ್ಕೆ ಕೂಡಿಸಿ, ಅಂಥವರ ಮದುವೆ ರದ್ದು ಮಾಡಬಹುದು ಅಂದಿತ್ತು. 1999ರ ತಿದ್ದುಪಡಿ ಆ ಪದವನ್ನೇ ಕಿತ್ತುಹಾಕಿತು. ಕಾನೂನಿನ ಪುಸ್ತಕದಿಂದ ಹೋಗಿ ಇಷ್ಟು ವರ್ಷ ಆದರೂ ನಮ್ಮ ಹಿರಿಯರ ಬಾಯಿಂದ ಇನ್ನೂ ಹೋಗಿಲ್ಲ.

ಕಾನೂನಿನ ಇನ್ನೊಂದು ಕೊರತೆ ಇವತ್ತಿಗೂ ಹಾಗೇ ಐತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ದೀರ್ಘಕಾಲದ ನರರೋಗ ಎಂಬ ತಲೆಬರಹದ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಪಾರ್ಕಿನ್ಸನ್ ಇದೆ. ಮೂರ್ಛೆರೋಗದ ಹೆಸರಿಲ್ಲ. ತಿಂಗಳಿಗೆ ನಾಕೈದು ಸಲ ನೆಲಕ್ಕೆ ಬೀಳೋನಿಗೆ ಒಲಿ ಮುಂದೆ ಕೂರೋ ಹಾಗಿಲ್ಲ, ಕೆರಿಗೆ ಇಳಿಯೋ ಹಾಗಿಲ್ಲ, ಗೋವಿನಜೋಳ ಒಕ್ಕೋ ಮಶೀನ್ ಹತ್ರ ಹೋಗೋ ಹಾಗಿಲ್ಲ, ಗಾಡಿ ಓಡಿಸೋ ಹಾಗಿಲ್ಲ. ಕೂಲಿಗೂ ಯಾರೂ ಕರಿಯೋದಿಲ್ಲ. ಇದು ಅಂಗವೈಕಲ್ಯ ಅಲ್ಲದಿದ್ರ ಮತ್ತೇನು? ಫಿಟ್ಸಿನಿಂದ ಮೆದುಳಿಗೆ ಪೆಟ್ಟು ಬಿದ್ದು ಬುದ್ಧಿಮಾಂದ್ಯ ಆದ ಮೇಲೆ ಸರ್ಟಿಫಿಕೇಟ್ ಸಿಗ್ತದ. ಅಂದ್ರ ಪೂರ್ತಿ ಹಾಳಾಗಿ ಬಾ, ಆಮೇಲೆ ಪಿಂಚಣಿ ಕೊಡ್ತೀವಿ ಅಂದಂಗಾತು.

ಹಾಗಾಗಿ ನಾವು ಕೇಳಬೇಕಾದ್ದು ಇಷ್ಟು.

1. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲ್ಲೂಕು ಆಸ್ಪತ್ರೆಗಳಲ್ಲಿ, ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, 108 ಗಾಡಿಗಳಲ್ಲಿ ಮೂಗಿನ ಮಿಡಜೋಲಮ್ ಸದಾ ಇರಬೇಕು. ಉದ್ದನೆಯ ಫಿಟ್ಸ್ ಬರುವವರ ಮನೆಗೆ ಉಚಿತವಾಗಿ ಕೊಟ್ಟು, ಬಳಸೋದು ಕಲಿಸಬೇಕು. ಆಶಾ ಕಾರ್ಯಕರ್ತೆಯರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ತರಬೇತಿ ಆಗಬೇಕು.

2. ಮೂರ್ಛೆರೋಗದ ಗುಳಿಗಿ ಒಂದು ದಿನವೂ ಸ್ಟಾಕ್ ಇಲ್ಲ ಅನ್ನಬಾರದು. ಗುಳೆ ಹೋಗುವವರಿಗೆ ಮೂರು ತಿಂಗಳದ್ದು ಒಮ್ಮೆಗೇ ಕೊಡಬೇಕು.

3. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶುರುಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಮೂರ್ಛೆರೋಗವನ್ನೂ ಒಳಗೊಂಡಿದೆ. ಅದು ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು. ತಿಂಗಳಿಗೆ ಒಂದು ದಿನವಾದರೂ ನರರೋಗ ತಜ್ಞರು ತಾಲ್ಲೂಕಿಗೆ ಬರಬೇಕು.

4. ಎರಡು ಔಷಧಿ ಸೋತವರ ಹೆಸರು ಬರೆದಿಟ್ಟು ದೊಡ್ಡ ಕೇಂದ್ರಕ್ಕೆ ಕಳಿಸಬೇಕು. ಹೋಗಿಬರುವ, ಉಳಿಯುವ ಖರ್ಚು, ಕಳೆದ ಕೂಲಿ ಕೊಡಬೇಕು. ರೊಕ್ಕ ಎಲ್ಲೈತಿ ಅಂತ ಕೇಳಬ್ಯಾಡ್ರಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ರೊಕ್ಕ ನಮ್ಮ ಜೀವ ಉಳಿಸಾಕ ಅಲ್ಲದಿದ್ರ ಮತ್ಯಾಕ?

5. ಔಷಧಿಗೆ ಬಗ್ಗದ ಮೂರ್ಛೆರೋಗವನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸಬೇಕು.

2022ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ಯೋಜನೆಗೆ ಭಾರತವೂ ಸದಸ್ಯ ದೇಶವಾಗಿ ನೈತಿಕವಾಗಿ ಬಾಧ್ಯಸ್ಥ. 2031ರೊಳಗೆ ಮೂರ್ಛೆರೋಗ ಇರುವ ನೂರಕ್ಕೆ 80 ಮಂದಿಗೆ ಕೈಗೆಟಕುವ ಔಷಧಿ ಸಿಗಬೇಕು ಅನ್ನೋದು ಅದರ ಗುರಿ. ನಾವು ಕೇಳ್ತಿರೋದು ದಾನ ಅಲ್ಲ, ಒಪ್ಪಿಕೊಂಡಿದ್ದನ್ನ.

ಅಲ್ಲಿತನಕ ನಮ್ಮ ಕೈಯಾಗಿರೋದನ್ನ ನಾವು ಮಾಡೋಣ. ಯಾರಿಗಾದ್ರೂ ಫಿಟ್ಸ್ ಬಂದ್ರ ಮೊದಲು ಗಡಿಯಾರ ನೋಡ್ರಿ. ಸುತ್ತಲಿನ ಕಲ್ಲು, ಬೆಂಕಿ, ಚೂಪು ಸಾಮಾನು ಸರಿಸ್ರಿ. ತಲೆ ಕೆಳಗ ಟವೆಲ್ ಇಡ್ರಿ. ಮಗ್ಗುಲಿಗೆ ಹೊರಳಿಸಿ ಮಲಗಿಸ್ರಿ. ಬಾಯಾಗ ಚಮಚೆ, ನೀರು, ಬೆರಳು ಏನೂ ಹಾಕಬ್ಯಾಡ್ರಿ. ಕೈಕಾಲು ಅದುಮಿ ಹಿಡಿಯಬ್ಯಾಡ್ರಿ. ಐದು ನಿಮಿಷ ದಾಟಿದ್ರ, ಇಲ್ಲಾ ಎಚ್ಚರ ಆಗದೇ ಮತ್ತೊಂದು ಬಂದ್ರ, ಡಾಕ್ಟರು ಕೊಟ್ಟ ಸ್ಪ್ರೇ ಇದ್ರ ಹೊಡೀರಿ, 108ಕ್ಕ ಫೋನ್ ಮಾಡ್ರಿ, ದವಾಖಾನಿಗೆ ಒಯ್ರಿ. ಸಾಧ್ಯ ಆದ್ರ ಮೊಬೈಲಿನಾಗ ವಿಡಿಯೋ ಮಾಡಿಟ್ಕೊಳ್ರಿ, ಡಾಕ್ಟರಿಗೆ ಬಹಳ ಉಪಯೋಗ ಆಗ್ತದ. ಆದರೆ ಸ್ಟೇಟಸ್‌ಗೆ ಹಾಕಬ್ಯಾಡ್ರಿ.

ಮತ್ತ ಬಿದ್ದವರನ್ನ ಎತ್ತೋ ಮುಂಚೆ "ಯಾರ ಪೈಕಿ?" ಅಂತ ಕೇಳೋರು ಕಂಡ್ರ ಅವರನ್ನ ಅಲ್ಲೇ ನಿಲ್ಲಿಸಿ ಕೇಳ್ರಿ. ಅವರು ಹಾಗೆ ಕೇಳೋದ್ರೊಳಗ ಐದು ನಿಮಿಷದಾಗ ಒಂದು ನಿಮಿಷ ಹೋಗಿರ್ತದ.

ನಾಲ್ಕೂ ತಾಲ್ಲೂಕಿನ ಗೆಳೆಯರು ನಿಮ್ಮ ಕೇರಿಯಲ್ಲಿ ಫಿಟ್ಸ್ ಇರುವವರು ಎಷ್ಟು ಮಂದಿ, ಅವರಿಗೆ ಗುಳಿಗಿ ತಪ್ಪದೇ ಸಿಗ್ತದೋ ಇಲ್ಲೋ, ಸಿಕ್ಕರೂ ನಿಲ್ಲೋದಿಲ್ಲವೋ, ಇಷ್ಟನ್ನ ಅವರನ್ನೇ ಕೇಳಿ, ಅವರ ಒಪ್ಪಿಗೆ ಇದ್ದರೆ ಮಾತ್ರ ಬರೆದಿಡ್ರಿ. ಹೆಸರನ್ನ ಇಲ್ಲಿ ಕಾಮೆಂಟಿನಾಗ ಹಾಕಬ್ಯಾಡ್ರಿ. ಲೆಕ್ಕ ಕೈಯಾಗ ಇದ್ರ ಮಾತ್ರ ಮನವಿಗೆ ತೂಕ ಬರ್ತದ. ಬಾಬಾಸಾಹೇಬರು ನಮಗ ಕಲಿಸಿದ್ದೂ ಅದನ್ನೇ, ಅಂಕಿ ಅಂಶ ಹಿಡ್ಕೊಂಡು ಮಾತಾಡೋದನ್ನ.

ಜೈಭೀಮ್.